ನೀರೊಳಗಿನ ಕ್ಯಾಮೆರಾಗೆ ಕ್ಲಾಂಪ್, ಆರ್ಮ್, ಟ್ರೇ: ದುಬಾರಿಯದೇ ಬೇಕಾ, ಅಗ್ಗದ್ದು ಸಾಕಾ?

ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಕಾಂಪ್ಯಾಕ್ಟ್ ಕ್ಯಾಮೆರಾಗೆ ಅಲ್ಯೂಮಿನಿಯಂ ಹೌಸಿಂಗ್ (ನೀರು ನುಗ್ಗದ ಪೆಟ್ಟಿಗೆ) ತಗೊಂಡಾಯ್ತು. ಈಗ ಎರಡು ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಕೂರಿಸಬೇಕು. ಹೌಸಿಂಗ್ ಕೂರಿಸೋಕೆ ಎರಡು ಹಿಡಿಕೆಯ ಟ್ರೇ ಒಂದು, ಸ್ಟ್ರೋಬ್ ಹೊರುವ ಆರ್ಮ್ ನಾಲ್ಕು, ಅವನ್ನೆಲ್ಲ ಜೋಡಿಸುವ ಕ್ಲಾಂಪ್ ಆರು ಅಂತ ಲೆಕ್ಕ ಹಾಕಿದ್ದೇನೆ. ಫೋಟೋ ನೋಡಿದರೆ ಎಲ್ಲ ಕಂಪನಿಯದ್ದೂ ಒಂದೇ ಥರ ಕಾಣುತ್ತೆ. ಬೆಲೆ ಮಾತ್ರ ನಾಲ್ಕು ಪಟ್ಟು ಹೆಚ್ಚುಕಮ್ಮಿ. ಹೆಚ್ಚೆಂದರೆ 30 ಮೀಟರ್ ಆಳ, ಬಹುಪಾಲು ಸಮುದ್ರದ ನೀರು. ಹೌಸಿಂಗಿಗೇ ಸುಮಾರು ಖರ್ಚಾಗಿದೆ, ಇನ್ನೂ ಸುರಿಯಬೇಕಾ ಅಂತ ಯೋಚನೆ. ಬಳಸಿದವರು ಹೇಳಿ.

ಗುಳ್ಳೆಮಾತು

ಸುಮ್ನೆ ಅಗ್ಗದ್ದು ತಗೊಳ್ಳಿ ಸರ್. ಇದು ಅಲ್ಯೂಮಿನಿಯಂ ತುಂಡು, ಅದಕ್ಕೊಂದು ಬೋಲ್ಟ್. ಇದರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಲೆನ್ಸ್ ಇಲ್ಲ, ನೀರು ನುಗ್ಗುವ ಭಯವೂ ಇಲ್ಲ. ಹೆಸರು ಕೊರೆದಿದ್ದಾರೆ ಅಂತ ನಾಲ್ಕು ಪಟ್ಟು ಕೊಡೋದು ನನಗಂತೂ ಒಪ್ಪಿಗೆಯಿಲ್ಲ. ಉಳಿದ ದುಡ್ಡಲ್ಲಿ ಇನ್ನೆರಡು ಸಲ ನೀರಿಗಿಳಿಯಿರಿ.

ಉಪ್ಪುನೀರು

ಗುಳ್ಳೆಮಾತು ಅವರೇ, ಅರ್ಧ ಒಪ್ಪುತ್ತೇನೆ. ಆರ್ಮ್ ಅಂದರೆ ಒಂದು ಕೊಳವೆ, ಎರಡು ತುದಿಗೆ ಎರಡು ಬಾಲ್. ಅದರಲ್ಲಿ ಕೆಡುವಂಥದ್ದು ಜಾಸ್ತಿ ಇಲ್ಲ. ಕ್ಲಾಂಪ್ ಕಥೆ ಬೇರೆ.

ಒಂದು ಕ್ಲಾಂಪ್ ಬಿಚ್ಚಿ ಮೇಜಿನ ಮೇಲೆ ಹರವಿ ನೋಡಿ. ಎರಡು ಪ್ಲೇಟ್, ನಡುವೆ ಸ್ಪ್ರಿಂಗ್, ಒಂದು ಬೋಲ್ಟ್, ವಾಷರ್, ಕೈಯಲ್ಲಿ ತಿರುಗಿಸೋಕೆ ಒಂದು ಹಿಡಿ. ಅಷ್ಟೇ. ಆದರೆ ಬಾಲ್ ಕೂರುವ ಗುಳಿಯ ಮೇಲೆ ಬೆರಳಾಡಿಸಿ. ಒಳ್ಳೆಯದರಲ್ಲಿ ಅಂಚು ಮೊಂಡಾಗಿರುತ್ತೆ, ಬಾಲ್ ಪೂರ್ತಿ ತಬ್ಬಿಕೊಂಡ ಹಾಗೆ ಕೂರುತ್ತೆ. ನಾನು ನೋಡಿದ ಕೆಲವು ಅಗ್ಗದವುಗಳಲ್ಲಿ ಗುಳಿಯ ಅಂಚು ಮಾತ್ರ ಬಾಲಿಗೆ ತಾಗುತ್ತೆ. ಸ್ವಲ್ಪ ದಿನ ಬಳಸಿದರೆ ಬಾಲ್ ಮೇಲೆ ಬಳೆಯಂಥ ಗೀರು ಬೀಳುತ್ತೆ. ಎಲ್ಲಿ ಗೀರು ಬಿತ್ತೋ ಅಲ್ಲಿ ಆನೊಡೈಸಿಂಗ್ (ಅಲ್ಯೂಮಿನಿಯಂ ಕಾಯುವ ಮೇಲ್ಪದರ) ಹೋಯಿತು, ಅಲ್ಲಿಂದಲೇ ಬಿಳಿ ಪುಡಿ, ಅಂದರೆ ಅಲ್ಯೂಮಿನಿಯಂನ ತುಕ್ಕು, ಶುರು.

ಬಳಸುವಾಗ ಗೊತ್ತಾಗುವ ವ್ಯತ್ಯಾಸ ಇನ್ನೊಂದಿದೆ. ಕ್ಲಾಂಪ್ ಬಿಗಿಯಾಗಿ ಹಿಡಿದಿರಬೇಕು, ಹಾಗೇ ಕೈಯಿಂದ ತಳ್ಳಿದರೆ ಜರುಗಲೂ ಬೇಕು. ಮೀನು ಎದುರಿಗಿದ್ದಾಗ ಯಾರು ಹಿಡಿ ತಿರುಗಿಸ್ತಾ ಕೂರ್ತಾರೆ? ಒಳ್ಳೆಯ ಕ್ಲಾಂಪಿನಲ್ಲಿ ಈ ನಡುವಿನ ಬಿಗಿ ಸಿಗೋದು ಸುಲಭ. ಕೆಟ್ಟದರಲ್ಲಿ ಕಾಲು ಸುತ್ತು ಸಡಿಲ ಮಾಡಿದರೆ ಸ್ಟ್ರೋಬ್ ಜೋತು ಬೀಳುತ್ತೆ, ಕಾಲು ಸುತ್ತು ಬಿಗಿ ಮಾಡಿದರೆ ಕಲ್ಲಾಗುತ್ತೆ.

ಗುಳ್ಳೆಮಾತು

ಮೇಡಂ, ನೀರಿನೊಳಗೆ ಸ್ಟ್ರೋಬ್‌ಗೆ ತೂಕವೇ ಇಲ್ಲವಲ್ಲ. ಜೋತು ಬೀಳೋಕೆ ಏನಿದೆ?

ಉಪ್ಪುನೀರು

ಸರಿಯಾದ ಪ್ರಶ್ನೆ. ನೀರಿನೊಳಗೆ ಕ್ಲಾಂಪಿಗೆ ನಿಜಕ್ಕೂ ಅಷ್ಟು ಕೆಲಸವಿಲ್ಲ. ಕೆಲಸ ಇರೋದು ದೋಣಿಯಲ್ಲಿ, ಏಣಿಯ ಹತ್ತಿರ, ದಡಕ್ಕೆ ಹತ್ತುವಾಗ.

ಲೆಕ್ಕ ನೋಡಿ. ಬ್ಯಾಟರಿ ಸಮೇತ ಸ್ಟ್ರೋಬ್ ಮುಕ್ಕಾಲು ಕೆಜಿ ಅಂತಿಟ್ಟುಕೊಳ್ಳಿ. 20 ಸೆಂ.ಮೀ.ನ ಎರಡು ಆರ್ಮ್ ಉದ್ದಕ್ಕೆ ಚಾಚಿದರೆ ಬುಡದ ಕ್ಲಾಂಪಿನ ಮೇಲೆ ಸುಮಾರು 3 ನ್ಯೂಟನ್ ಮೀಟರ್ ತಿರುಚು ಬಲ. ಇದು ಆರ್ಮಿನ ತೂಕ ಬಿಟ್ಟು. ಅದೇ ಸ್ಟ್ರೋಬ್ ನೀರಿನಲ್ಲಿ 50 ಗ್ರಾಂ ತೂಗಿದರೆ ಆ ಬಲ 0.2. ಹದಿನೈದರಲ್ಲಿ ಒಂದು ಪಾಲು. ದೋಣಿ ಒಂದು ಸಲ ಕುಕ್ಕಿದರೆ ಮೇಲಿನ 3 ಎರಡು ಪಟ್ಟಾಗೋದು ಕಷ್ಟವೇನಲ್ಲ.

ಅದಕ್ಕೇ 'ಈಜುಕೊಳದಲ್ಲಿ ಚೆನ್ನಾಗಿತ್ತು' ಅನ್ನುವ ವಿಮರ್ಶೆ ಓದಿ ಕ್ಲಾಂಪ್ ಕೊಳ್ಳಬೇಡಿ. ಮತ್ತೆ, ಯಾವ ಕಂಪನಿಯದ್ದೇ ಇರಲಿ, ಇಡೀ ಸೆಟ್ಟನ್ನು ಸ್ಟ್ರೋಬ್ ಆರ್ಮ್ ಹಿಡಿದು ಎತ್ತಬೇಡಿ. ಟ್ರೇಯ ಎರಡು ಹಿಡಿಕೆಗೆ ಸೇರಿಸಿ ಒಂದು ಹಗ್ಗ ಕಟ್ಟಿ, ಅದನ್ನೇ ಹಿಡಿದು ದೋಣಿಯವರ ಕೈಗೆ ಕೊಡಿ. ಆರ್ಮ್‌ಗಳನ್ನು ಒಳಕ್ಕೆ ಮಡಚಿಕೊಂಡೇ ಹತ್ತಿ, ಇಳಿಯಿರಿ.

ಲೇತ್‌ಮನೆ

ನಾನು ಡೈವ್ ಮಾಡುವವನಲ್ಲ. ಲೋಹದ ಕೆಲಸ ನನ್ನದು. ತಂಗಿ ಡೈವ್ ಮಾಡ್ತಾಳೆ, ಅವಳ ಸಾಮಾನು ರಿಪೇರಿಗೆ ನನ್ನ ಬೆಂಚಿಗೇ ಬರುತ್ತೆ. ಹಾಗಾಗಿ ಕೆಲವು ಮಾತು.

'ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ' ಅಂತ ಬರೆದಿದ್ದರೆ ಖುಷಿಪಡಬೇಡಿ. ಯಾವ ಗ್ರೇಡ್ ಅಂತ ಕೇಳಿ. 6061-ಟಿ6 ಇದ್ದರೆ ಸಮುದ್ರಕ್ಕೆ ಒಳ್ಳೆಯದೇ. 7075 ಅದಕ್ಕಿಂತ ಗಟ್ಟಿ, ನಿಜ. ಆದರೆ ಅದರಲ್ಲಿ ಸತುವಿನ ಜೊತೆ ತಾಮ್ರವೂ ಸೇರಿರುತ್ತೆ, ಉಪ್ಪುನೀರು ತಡೆಯುವ ಶಕ್ತಿ ಕಮ್ಮಿ. ಗಟ್ಟಿತನ ಇಲ್ಲಿ ಯಾರಿಗೆ ಬೇಕು? ಆರ್ಮ್ ಮುರಿದದ್ದು ನಾನು ನೋಡಿಲ್ಲ. ಪುಡಿ ಹಿಡಿದು ಕಚ್ಚಿಕೊಂಡದ್ದು ಬೇಕಾದಷ್ಟು ನೋಡಿದ್ದೇನೆ.

ಆನೊಡೈಸಿಂಗ್‌ನಲ್ಲೂ ಎರಡು ಬಗೆ. ಬಣ್ಣಕ್ಕೆ ಮಾಡುವ ಮಾಮೂಲಿ ಪದರ ಸಾಮಾನ್ಯವಾಗಿ 25 ಮೈಕ್ರಾನ್ ಒಳಗೆ, ಅಗ್ಗದ ಮಾಲಿನಲ್ಲಿ ಅದರ ಅರ್ಧವೂ ಇರಲಿಕ್ಕಿಲ್ಲ. ಹಾರ್ಡ್ ಆನೊಡೈಸಿಂಗ್ 25ರಿಂದ 50 ಮೈಕ್ರಾನ್ ಆಸುಪಾಸು. ಮಿರಮಿರ ಹೊಳೆಯುವ ಕೆಂಪು, ನೀಲಿ ಸಾಮಾನ್ಯವಾಗಿ ಮೊದಲನೆಯದು. ಮಾಸಲು ಕಪ್ಪು, ಮಾಸಲು ಬೂದು ಎರಡನೆಯದಾಗಿರುವ ಸಾಧ್ಯತೆ ಹೆಚ್ಚು. ಇದು ಅಂದಾಜೇ, ಕಪ್ಪು ಬಣ್ಣ ಹಚ್ಚಿದ್ದೆಲ್ಲ ಹಾರ್ಡ್ ಅಲ್ಲ.

ನಿಜವಾದ ತಲೆನೋವು ಬೋಲ್ಟ್. ಅಗ್ಗದ ಕ್ಲಾಂಪ್ ಮಾಡುವವರು ದುಡ್ಡು ಉಳಿಸೋದು ಅಲ್ಲೇ. ಬೋಲ್ಟ್ ತಲೆಯ ಮೇಲೆ ನೋಡಿ. ಎ2 ಅಂತಿದ್ದರೆ 304 ವರ್ಗದ ಸ್ಟೇನ್‌ಲೆಸ್, ಎ4 ಅಂತಿದ್ದರೆ 316 ವರ್ಗ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುತ್ತೆ, ಉಪ್ಪಿನ ಕ್ಲೋರೈಡ್ ಚುಚ್ಚಿ ತೂತು ಮಾಡುವುದನ್ನು ಅದು ತಡೆಯುತ್ತೆ. ಗುರುತೇ ಇಲ್ಲದಿದ್ದರೆ ದೇವರೇ ಗತಿ.

ಗುಳ್ಳೆಮಾತು

ಮ್ಯಾಗ್ನೆಟ್ ಹಿಡಿದು ನೋಡಿದರೆ ಗೊತ್ತಾಗಲ್ವಾ ಅಣ್ಣ?

ಲೇತ್‌ಮನೆ

ಇಲ್ಲ. 304, 316 ಎರಡೂ ಮೂಲದಲ್ಲಿ ಮ್ಯಾಗ್ನೆಟ್‌ಗೆ ಅಂಟಲ್ಲ. ಬೋಲ್ಟ್ ಮಾಡುವಾಗ ತಣ್ಣಗೆ ಒತ್ತಿ ರೂಪ ಕೊಡ್ತಾರಲ್ಲ, ಅದರಿಂದ 304 ಸ್ವಲ್ಪ ಅಂಟೋದುಂಟು. ಗಟ್ಟಿಯಾಗಿ ಟಪ್ ಅಂತ ಕಚ್ಚಿಕೊಂಡರೆ ಅದು ಈ ಎರಡೂ ಅಲ್ಲ ಅಂತ ಅನುಮಾನ ಪಡಿ. ಅಷ್ಟಕ್ಕೆ ಮಾತ್ರ ಮ್ಯಾಗ್ನೆಟ್ ಉಪಯೋಗ.

ಇನ್ನೊಂದು ಮರೆತೆ. ಸ್ಟೇನ್‌ಲೆಸ್ ಬೋಲ್ಟ್ ಸ್ಟೇನ್‌ಲೆಸ್ ನಟ್ಟಿಗೆ ಒಣಗಿದ್ದಾಗಲೇ ಬಿಗಿದರೆ ಥ್ರೆಡ್ ಒಂದಕ್ಕೊಂದು ಬೆಸೆದ ಹಾಗೆ ಕಚ್ಚಿಕೊಳ್ಳುತ್ತೆ. ತುಕ್ಕಲ್ಲ ಅದು. ಮರೈನ್ ಆಂಟಿ-ಸೀಜ್ ಗ್ರೀಸ್ ಒಂದು ಚೂರು ಸವರಿದರೆ ಆ ತೊಂದರೆ ಇಲ್ಲ.

ಕಪ್ಪೆಚಿಪ್ಪು

ನೀವೆಲ್ಲ ದೊಡ್ಡ ಸೆಟ್ ಬಗ್ಗೆ ಮಾತಾಡ್ತಿದ್ದೀರಿ. ನನ್ನಂಥ ಪುಟ್ಟ ಗೋಪ್ರೋ ಕ್ಯಾಮೆರಾ ಮಂದಿಗೂ ಒಂದು ಮಾತು. ನಾನು ಈಜುಕೊಳ, ಸಿಹಿನೀರಿನಲ್ಲೇ ಜಾಸ್ತಿ. ಪ್ಲಾಸ್ಟಿಕ್ ಮೌಂಟ್ ಅಗ್ಗದ್ದೇ ಬಳಸ್ತೀನಿ, ತೊಂದರೆ ಕಂಡಿಲ್ಲ. ಆ ಮೂರು ಬೆರಳು, ಎರಡು ಬೆರಳಿನ ಜೋಡಣೆಯಲ್ಲಿ ಉದ್ದ ಸ್ಕ್ರೂ ಇರುತ್ತಲ್ಲ, ಅದು ಎಂ5, ಅಂದರೆ 5 ಮಿ.ಮೀ. ದಪ್ಪದ್ದು. ಅದೊಂದನ್ನು ಮಾತ್ರ ಒಳ್ಳೆಯ ಸ್ಟೇನ್‌ಲೆಸ್‌ಗೆ ಬದಲಾಯಿಸಿಕೊಂಡೆ.

ಸಡಿಲ ಆಗುತ್ತೆ ಅಂತ ಥ್ರೆಡ್‌ಲಾಕರ್ (ಸ್ಕ್ರೂ ಕದಲದಂತೆ ಹಿಡಿಯುವ ಅಂಟು) ಹಾಕುವವರಿದ್ದಾರೆ. ಪ್ಲಾಸ್ಟಿಕ್‌ಗೆ ಬೇಡ. ಪಾಲಿಕಾರ್ಬೊನೇಟ್, ಎಬಿಎಸ್ ಎರಡೂ ಅದರಿಂದ ಸಣ್ಣಗೆ ಸೀಳುತ್ತವೆ, ಮೊದಲು ಕೂದಲೆಳೆಯಂಥ ಗೆರೆ, ಆಮೇಲೆ ಒಂದು ದಿನ ಟಕ್. ಸೊಳ್ಳೆಗೆ ಹಚ್ಚುವ ಡೀಟ್ ಇರೋ ಲೋಷನ್ನೂ ಹಾಗೇ. ಲೋಷನ್ ಹಚ್ಚಿದ ಕೈಯಲ್ಲಿ ಮೌಂಟ್ ಮುಟ್ಟಬೇಡಿ.

ಅಂಟಿಸುವ ಮೌಂಟ್ ಬಗ್ಗೆ ಜಗಳವೇ ಬೇಡ. ಒರೆಸಿ, ಒಣಗಿಸಿ, ಅಂಟಿಸಿ, 24 ಗಂಟೆ ಬಿಡಿ. ಬೆಳಿಗ್ಗೆ ಅಂಟಿಸಿ ಮಧ್ಯಾಹ್ನ ನೀರಿಗಿಳಿದವರ ಕ್ಯಾಮೆರಾಗಳು ತಳದಲ್ಲೇ ಇವೆ.

ಗುಳ್ಳೆಮಾತು

ನೋಡಿ, ಕಪ್ಪೆಚಿಪ್ಪು ನನ್ನ ಪಕ್ಷ!

ಲೇತ್‌ಮನೆ ಅಣ್ಣನಿಗೆ ಪ್ರಶ್ನೆ. ನನ್ನ ಗೆಳೆಯನ ದುಬಾರಿ ಕ್ಲಾಂಪಿನಲ್ಲೂ ಬಿಳಿ ಪುಡಿ ಬಂದಿತ್ತು. 'ಕಾಸಿಗೆ ತಕ್ಕ ಕಜ್ಜಾಯ' ಅಂತ ಎಲ್ಲರೂ ಹೇಳ್ತಾರೆ. ಅವನು ಕೊಟ್ಟ ಕಾಸಿಗೆ ಇದೇನಾ?

ಲೇತ್‌ಮನೆ

ಪುಡಿ ಬರೋದಕ್ಕೆ ಬೆಲೆ ಗೊತ್ತಿಲ್ಲ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಎರಡನ್ನೂ ಮುಟ್ಟಿಸಿ ಉಪ್ಪುನೀರಿನಲ್ಲಿ ಮುಳುಗಿಸಿದರೆ ಅದೊಂದು ಸಣ್ಣ ಬ್ಯಾಟರಿ. ಅದರಲ್ಲಿ ಕರಗೋದು ಯಾವಾಗಲೂ ಅಲ್ಯೂಮಿನಿಯಂ. ಡೈವ್ ಮುಗಿದ ಮೇಲೂ ಬೋಲ್ಟ್ ಸಂದಿಯಲ್ಲಿ ಉಪ್ಪುನೀರು ಉಳಿದಿದ್ದರೆ ಆ ಬ್ಯಾಟರಿ ಬ್ಯಾಗಿನೊಳಗೂ ಕೆಲಸ ಮಾಡ್ತಾನೇ ಇರುತ್ತೆ. ಒಳ್ಳೆಯ ಕಂಪನಿಯವರು ನಡುವೆ ಪ್ಲಾಸ್ಟಿಕ್ ವಾಷರ್ ಅಥವಾ ತೋಳು ಹಾಕಿ ಎರಡು ಲೋಹವನ್ನು ದೂರ ಇಡ್ತಾರೆ. ಅಗ್ಗದವರಲ್ಲಿ ಕೆಲವರು ಹಾಕ್ತಾರೆ, ಕೆಲವರು ಬಿಡ್ತಾರೆ. ನಿಮ್ಮ ಗೆಳೆಯ ಪ್ರತಿ ಸಲ ಕ್ಲಾಂಪ್ ಬಿಗಿಯಾಗಿಟ್ಟೇ ತೊಳೆದಿರಬಹುದು. ಹಾಗೆ ತೊಳೆದರೆ ಸಂದಿಗೆ ಸಿಹಿನೀರು ಹೋಗೋದೇ ಇಲ್ಲ.

ತಳಮಟ್ಟ

ನನ್ನ ಬಳಕೆ ಬೇರೆ. ಕ್ಯಾಮೆರಾವನ್ನು ತಳದಲ್ಲೇ ಚೌಕಟ್ಟಿಗೆ ಕಟ್ಟಿ ವಾರಗಟ್ಟಲೆ ಬಿಡ್ತೇವೆ, ಯಾವ ಮೀನು ಬಂತು ಹೋಯ್ತು ನೋಡೋಕೆ. ಇಲ್ಲಿ ಫೋಟೋಗ್ರಾಫರುಗಳ ದುಬಾರಿ ಆರ್ಮ್ ಎಲ್ಲ ದಂಡ. ದಿನವೂ ತೊಳೆಯುವ ಸಾಮಾನಿಗೆ ಮಾಡಿದ್ದನ್ನು ತಿಂಗಳು ಮುಳುಗಿಸಿಟ್ಟರೆ ಅದೂ ಸೋಲುತ್ತೆ. ಪಿವಿಸಿ ಪೈಪು, ಎಚ್‌ಡಿಪಿಇ ಪ್ಲಾಸ್ಟಿಕ್ ಹಲಗೆ, ಇವಕ್ಕೆ ತುಕ್ಕಿನ ಚಿಂತೆಯೇ ಇಲ್ಲ. ಪೈಪಿಗೆ ತೂತು ಹಾಕೋದು ಮರೆಯಬೇಡಿ, ಒಳಗೆ ಗಾಳಿ ನಿಂತರೆ ಚೌಕಟ್ಟು ತೇಲುತ್ತೆ.

ಎಚ್ಚರ ಬೇಕಾದ್ದು ಹೋಸ್ ಕ್ಲಿಪ್ (ಪೈಪಿಗೆ ಸುತ್ತಿ ಬಿಗಿಯುವ ಲೋಹದ ಪಟ್ಟಿ) ವಿಷಯದಲ್ಲಿ. ಮೇಲೆ 'ಸ್ಟೇನ್‌ಲೆಸ್' ಅಂತ ಅಚ್ಚು ಹಾಕಿರ್ತಾರೆ. ಅದು ಪಟ್ಟಿಗೆ ಮಾತ್ರ. ಬಿಗಿಯುವ ಸ್ಕ್ರೂ ಎಷ್ಟೋ ಸಲ ಸತುವಿನ ಲೇಪ ಕೊಟ್ಟ ಮಾಮೂಲಿ ಕಬ್ಬಿಣ. ಪಟ್ಟಿ ಹೊಳೀತಿರುತ್ತೆ, ಸ್ಕ್ರೂ ಕರಗಿ ಕ್ಯಾಮೆರಾ ಪಕ್ಕಕ್ಕೆ ಮಲಗಿರುತ್ತೆ. ಪಟ್ಟಿ, ಸ್ಕ್ರೂ, ಸ್ಕ್ರೂ ಕೂರುವ ಗೂಡು ಮೂರೂ 316 ಅಂತ ಖಾತ್ರಿಯಾದರೆ ಮಾತ್ರ ತಗೊಳ್ತೇವೆ. ಅಲ್ಯೂಮಿನಿಯಂ ಚೌಕಟ್ಟೇ ಬೇಕಾದಾಗ ಸತುವಿನ ಆನೋಡ್ (ಚೌಕಟ್ಟಿನ ಬದಲು ತಾನು ಕರಗುವ ತುಂಡು) ಒಂದು ಕಟ್ಟಿಬಿಡ್ತೇವೆ. ಕರಗೋದಿದ್ದರೆ ಅದು ಕರಗಲಿ.

ಅಲೆಮಾರಿ

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಬೆರಸಬಹುದಾ? ಕ್ಲಾಂಪ್ ಒಂದು ಕಂಪನಿಯದ್ದು, ಆರ್ಮ್ ಇನ್ನೊಂದರದ್ದು? ಬಾಲ್ ಎಲ್ಲ ಒಂದೇ ಅಳತೆ ಅಂತ ಕೇಳಿದ್ದೇನೆ.

ಉಪ್ಪುನೀರು

ಬೆರಸಿಯೇ ಬೆರಸಬೇಕು, ನನ್ನ ಸಲಹೆಯೇ ಅದು. ನೀರೊಳಗಿನ ಆರ್ಮ್‌ಗಳಲ್ಲಿ ಬಾಲ್ ಸಾಮಾನ್ಯವಾಗಿ 1 ಇಂಚು, ಅಂದರೆ 25.4 ಮಿ.ಮೀ. ಅಲ್ಟ್ರಾಲೈಟ್ ಕಂಪನಿಯ ಕ್ಲಾಂಪಿಗೆ ನಾಟಿಕ್ಯಾಮ್ ಕಂಪನಿಯ ಆರ್ಮ್ ಕೂರುತ್ತೆ. ರ‍್ಯಾಮ್ ಮೌಂಟ್‌ನ ಬಿ ಅಳತೆಯೂ 1 ಇಂಚೇ, ಆದರೆ ಅದರ ಬಾಲ್ ಮೇಲೆ ರಬ್ಬರ್ ಹೊದಿಕೆ. ಅದು ಬೈಕಿಗೆ, ದೋಣಿಗೆ ಮಾಡಿದ್ದು. ರಬ್ಬರ್ ಹಿಡಿತ ಜೋರು, ನವಿರಾಗಿ ಜರುಗಲ್ಲ.

ಅಗ್ಗದ ಆರ್ಮ್ ಕೊಂಡರೆ ವರ್ನಿಯರ್ ಹಿಡಿದು ಬಾಲ್ ಅಳೆಯಿರಿ. 1 ಇಂಚು ಅಂತ ಮಾರುತ್ತಾರೆ, ಅಳೆದರೆ 25 ಮಿ.ಮೀ. ಇರುವುದು ನನ್ನ ಕೈಗೇ ಸಿಕ್ಕಿದೆ. 0.4 ಮಿ.ಮೀ. ಏನು ಮಹಾ ಅನ್ನಿಸುತ್ತೆ. ಆದರೆ ಕ್ಲಾಂಪ್ ಪೂರ್ತಿ ಬಿಗಿದರೂ ಒಂದು ಬಾಲ್ ಜಾರುತ್ತೆ, ಯಾಕಂದರೆ ಇನ್ನೊಂದು ತುದಿಯ ಸರಿಯಾದ ಬಾಲ್ ಪ್ಲೇಟುಗಳನ್ನು ಅಷ್ಟು ಹತ್ತಿರ ಬರೋಕೆ ಬಿಡಲ್ಲ. ಬೆರಸೋದಾದರೆ ಒಂದು ಕ್ಲಾಂಪಿಗೆ ಬರುವ ಎರಡೂ ಬಾಲ್ ಒಂದೇ ಅಳತೆ ಇರಲಿ.

ಬಾಲ್ ಮೇಲಿನ ಒ-ರಿಂಗ್ (ರಬ್ಬರ್ ಬಳೆ) ನೀರು ತಡೆಯೋಕಲ್ಲ, ಹಿಡಿತಕ್ಕೆ. ಹೌಸಿಂಗ್ ಒ-ರಿಂಗಿಗೆ ಹಚ್ಚುವ ಸಿಲಿಕೋನ್ ಗ್ರೀಸನ್ನು ಇದಕ್ಕೂ ಬಳಿದು ಆಮೇಲೆ 'ಜಾರ್ತಿದೆ' ಅನ್ನಬೇಡಿ. ಸವೆದರೆ ಬದಲಾಯಿಸಿ, ಅಷ್ಟೇ.

ಗುಳ್ಳೆಮಾತು

ಸರಿ, ಕ್ಲಾಂಪಿಗೆ ಕೊಟ್ಟೆವು ಅಂತಿಟ್ಟುಕೊಳ್ಳಿ. ತೇಲುವ ಆರ್ಮ್? ಅದರಲ್ಲೂ ಕಾರ್ಬನ್ ಫೈಬರ್ ಅಂತ ತಲೆ ಬೋಳಿಸ್ತಾರೆ. ಫೋಮ್ ಸುತ್ತಿದರೆ ಆಗಲ್ವಾ?

ಉಪ್ಪುನೀರು

ಆಗುತ್ತೆ, ಯಾವ ಫೋಮ್ ಅನ್ನೋದರ ಮೇಲೆ. 1 ಕೆಜಿ ಅಲ್ಯೂಮಿನಿಯಂ ಸಮುದ್ರದ ನೀರಿನಲ್ಲಿ ಸುಮಾರು 620 ಗ್ರಾಂ ತೂಗುತ್ತೆ. ಆ ಭಾರ ಇಡೀ ಡೈವ್ ನಿಮ್ಮ ಮಣಿಕಟ್ಟಿನ ಮೇಲೆ. ಹಾಗಾಗಿ ತೇಲು ಬೇಕೇ ಬೇಕು. ಈಜುಕೊಳದ ಮೆತ್ತನೆ ಫೋಮ್ ಕೊಳವೆ ಕತ್ತರಿಸಿ ಹಾಕಿದರೆ ಮೇಲೆ ಚೆನ್ನಾಗಿ ತೇಲುತ್ತೆ. 30 ಮೀಟರಿನಲ್ಲಿ ಒತ್ತಡ ಮೇಲಿನ ನಾಲ್ಕು ಪಟ್ಟು. ಅಲ್ಲಿ ಅದು ಹಿಂಡಿಹೋಗಿ, ತೇಲಿಸುವ ಶಕ್ತಿ ಬಹುಪಾಲು ಹೋಗಿರುತ್ತೆ. ಎಲ್ಲಿ ಬೇಕೋ ಅಲ್ಲೇ ಇಲ್ಲ. ಆಳಕ್ಕೆಂದೇ ಮಾಡಿದ ಗಟ್ಟಿ ಫೋಮ್ ತುಂಡುಗಳು ಸಿಗುತ್ತವೆ, ಕಾರ್ಬನ್ ಆರ್ಮಿಗಿಂತ ತುಂಬಾ ಅಗ್ಗ. ಅಗ್ಗದ ಮಾಮೂಲಿ ಆರ್ಮ್, ಅದರ ಮೇಲೆ ಈ ಗಟ್ಟಿ ಫೋಮ್. ಇದು ನನಗೆ ಇಷ್ಟವಾದ ಜೋಡಿ.

ಟೊಳ್ಳು ಕೊಳವೆಯ ಅಗ್ಗದ ತೇಲುವ ಆರ್ಮ್ ಮಾತ್ರ ನಾನು ಮುಟ್ಟಲ್ಲ. ತುದಿಯ ಮುಚ್ಚಳ ಅಂಟಿಸಿರ್ತಾರೆ. ಎಷ್ಟು ಮೀಟರಿಗೆ ತಡೆಯುತ್ತೆ ಅಂತ ಬರೆದಿದ್ದರೂ ಆ ಅಂಟನ್ನು ನಂಬೋಕೆ ಧೈರ್ಯ ಬೇಕು. ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಬಂದರೆ ಆ ಆರ್ಮ್ ಮುಗಿಯಿತು.

ಒಟ್ಟು ಸೆಟ್ ನೀರಿನಲ್ಲಿ ಒಂಚೂರು ಮುಳುಗುವ ಹಾಗಿರಲಿ. ಪೂರ್ತಿ ತೇಲುವಂತೆ ಮಾಡಿಕೊಂಡರೆ ಕೈಬಿಟ್ಟ ತಕ್ಷಣ ಮೇಲಕ್ಕೆ ಎಳೆಯುತ್ತೆ.

ಕಪ್ಪೆಚಿಪ್ಪು

ಲ್ಯಾನ್ಯಾರ್ಡ್, ಕ್ಯಾಮೆರಾವನ್ನು ಮೈಗೆ ಕಟ್ಟಿಕೊಳ್ಳುವ ಹಗ್ಗ, ಯಾರೂ ಹೇಳಲಿಲ್ಲ?

ಉಪ್ಪುನೀರು

ಇದೊಂದರಲ್ಲಿ ಚೌಕಾಶಿಯೇ ಬೇಡ. ಕ್ಲಾಂಪ್ ಸೋತರೆ ಒಂದು ಫೋಟೋ ಹೋಗುತ್ತೆ. ಕೊಕ್ಕೆ ಸೋತರೆ ಎಲ್ಲವೂ ಹೋಗುತ್ತೆ. ಕೀಚೈನಿಗೆ ಹಾಕುವ ಲೇಪದ ಕೊಕ್ಕೆ ಬೇಡ. 316 ಸ್ಟೇನ್‌ಲೆಸ್‌ನ ಬೋಲ್ಟ್ ಸ್ನ್ಯಾಪ್ (ಡೈವರ್‌ಗಳು ಬಳಸುವ ಸ್ಪ್ರಿಂಗ್ ಕೊಕ್ಕೆ) ಹಾಕಿ. ಒಳಗಿನ ಸ್ಪ್ರಿಂಗಿಗೂ ಉಪ್ಪು ಹಿಡಿಯುತ್ತೆ, ತೊಳೆಯುವಾಗ ಅದನ್ನು ನಾಲ್ಕೈದು ಸಲ ಎಳೆದು ಬಿಡಿ. ಲ್ಯಾನ್ಯಾರ್ಡ್ ಉದ್ದ ಜಾಸ್ತಿಯಾದರೆ ಕ್ಯಾಮೆರಾ ಜೋತಾಡಿ ಹವಳಕ್ಕೆ ಬಡಿಯುತ್ತೆ. ಸುರುಳಿ ಇರುವುದೇ ಒಳ್ಳೆಯದು.

ಲೇತ್‌ಮನೆ

ತೊಳೆಯೋದನ್ನು ನಾನು ಸೇರಿಸ್ತೇನೆ, ಯಾಕಂದರೆ ಬೆಂಚಿಗೆ ಬರೋದೆಲ್ಲ ಇದರಿಂದಲೇ. ಡೈವ್ ಆದ ಮೇಲೆ ಸಾಮಾನು ಒಣಗೋಕೆ ಬಿಡಬೇಡಿ. ಒಣಗಿದ ಉಪ್ಪು ಹರಳಾಗಿ ಸಂದಿಯಲ್ಲಿ ಕೂರುತ್ತೆ. ಸಿಹಿನೀರಿನಲ್ಲಿ ನೆನೆಸಿ, ಕ್ಲಾಂಪ್ ಎಲ್ಲ ಸಡಿಲ ಮಾಡಿ, ನೀರಿನೊಳಗೇ ಕೀಲುಗಳನ್ನು ಆಡಿಸಿ. ಆಗಾಗ ಬೋಲ್ಟ್ ಪೂರ್ತಿ ಬಿಚ್ಚಿ ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಆಗಲೇ ಕಚ್ಚಿಕೊಂಡಿದ್ದರೆ ಸುತ್ತಿಗೆ ತರಬೇಡಿ. ಬಿಸಿನೀರು, ಆಮೇಲೆ ಸ್ವಲ್ಪ ಹೊತ್ತು ತೆಳು ವಿನೆಗರ್, ಆಮೇಲೆ ಚೆನ್ನಾಗಿ ತೊಳೆಯೋದು. ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಡೋದು ಬೇಡ, ಅದು ಅಲ್ಯೂಮಿನಿಯಂ ಅನ್ನೂ ತಿನ್ನುತ್ತೆ.

ಗುಳ್ಳೆಮಾತು ಅವರಿಗೆ: ಅಗ್ಗದ ಕ್ಲಾಂಪ್ ಕೊಂಡು ಬೋಲ್ಟ್, ವಾಷರ್ ಮಾತ್ರ ಎ4ಗೆ ಬದಲಾಯಿಸಿಕೊಂಡರೆ ಅರ್ಧ ದಾರಿ ಬಂದ ಹಾಗೆ. ಗುಳಿಯ ಆಕಾರ ಸರಿಯಿದ್ದರೆ ಮಾತ್ರ. ಅದನ್ನು ಬೋಲ್ಟ್ ಸರಿಮಾಡಲ್ಲ.

ಗುಳ್ಳೆಮಾತು

ಇದು ಮಾತು. ನನ್ನವನ್ನು ಬಿಚ್ಚಿ ನೋಡಿದೆ. ಆರರಲ್ಲಿ ಒಂದರ ಬೋಲ್ಟ್ ತಲೆ ಮೇಲೂ ಗುರುತಿಲ್ಲ! ಬಾಲ್ ಮೇಲೆ ಬಳೆ ಗೀರು ಮಾತ್ರ ಇಲ್ಲ, ಅಷ್ಟಕ್ಕೆ ಸಮಾಧಾನ. ಬೋಲ್ಟ್ ಬದಲಾಯಿಸ್ತೀನಿ. ನಾಲ್ಕು ಪಟ್ಟು ಮಾತ್ರ ಈಗಲೂ ಕೊಡಲ್ಲ.

ಅಲೆಮಾರಿ

ನಾನು ಹೀಗೆ ಅಂದುಕೊಂಡೆ. ಬುಡದ ಎರಡು ಕ್ಲಾಂಪ್ ಒಳ್ಳೆಯ ಕಂಪನಿಯದ್ದು, ಅಲ್ಲೇ ಬಲ ಜಾಸ್ತಿ. ಉಳಿದ ನಾಲ್ಕು ಸಾಧಾರಣದ್ದು, ಬೋಲ್ಟ್ ಬದಲಾಯಿಸಿ. ಆರ್ಮ್ ಅಗ್ಗದ್ದು, ಅಳೆದು ನೋಡಿ, ಮೇಲೆ ಗಟ್ಟಿ ಫೋಮ್. ಲ್ಯಾನ್ಯಾರ್ಡ್ ಒಳ್ಳೆಯದು. ಟ್ರೇ ಅಗ್ಗದ್ದೇ ಆಗಲೇ ಬಂದಿದೆ. ಅದರದ್ದೊಂದು ಪ್ರಶ್ನೆ ಉಳೀತು. ಹೌಸಿಂಗ್ ತಳಕ್ಕೆ ಹಾಕುವ 1/4-20 ಸ್ಕ್ರೂ (ಟ್ರೈಪಾಡ್‌ಗೆ ಬರುವ ಕಾಲು ಇಂಚಿನದು) ಒಂದೇ ಇದೆ. ಎಷ್ಟು ಬಿಗಿದರೂ ಹೌಸಿಂಗ್ ಸ್ವಲ್ಪ ತಿರುಗುತ್ತೆ. ಇನ್ನೂ ಬಿಗಿಯಲಾ?

ಲೇತ್‌ಮನೆ

ನಿಲ್ಲಿಸಿ! ಬಿಗಿಯಬೇಡಿ. ಸ್ಕ್ರೂ ಉದ್ದ ಜಾಸ್ತಿಯಾಗಿ ಹೌಸಿಂಗ್ ತೂತಿನ ತಳ ಮುಟ್ಟಿರಬಹುದು. ಮುಟ್ಟಿದ ಮೇಲೆ ಟ್ರೇ ಒತ್ತುವ ಬದಲು ಹೌಸಿಂಗ್ ಥ್ರೆಡ್ಡನ್ನೇ ಕಿತ್ತುಹಾಕುತ್ತೆ. ಸ್ಕ್ರೂ ಬಿಚ್ಚಿ, ತೂತಿನ ಆಳ ಒಂದು ಕಡ್ಡಿಯಲ್ಲಿ ಅಳೆಯಿರಿ. ಟ್ರೇ ದಪ್ಪ ಕಳೆದು ಸ್ಕ್ರೂ ಎಷ್ಟು ಹೊರಗೆ ಉಳಿಯುತ್ತೆ ನೋಡಿ.

ಅಲೆಮಾರಿ

ಅಳೆದೆ. ತೂತು 8 ಮಿ.ಮೀ., ಸ್ಕ್ರೂ ಹೊರಗೆ 10. ನೀವು ಹೇಳಿದ್ದೇ.

ಲೇತ್‌ಮನೆ

3 ಮಿ.ಮೀ. ದಪ್ಪಕ್ಕೆ ಆಗುವಷ್ಟು ವಾಷರ್ ಸ್ಕ್ರೂ ತಲೆಯ ಕೆಳಗೆ ಹಾಕಿ, ಟ್ರೇಗೆ ತಾಗುವುದು ನೈಲಾನ್ ಇರಲಿ. ಟ್ರೇ ಮತ್ತು ಹೌಸಿಂಗ್ ನಡುವೆ ತೆಳು ರಬ್ಬರ್ ಹಾಳೆ ಒಂದಿದ್ದರೆ ತಿರುಗೋದೂ ನಿಲ್ಲುತ್ತೆ. ಹಾಳೆ ಹಾಕಿದ ಮೇಲೆ ಸ್ಕ್ರೂ ಇನ್ನೂ ಕಮ್ಮಿ ಒಳಹೋಗುತ್ತೆ, ಹಾಗಾಗಿ ಹಾಳೆಯ ದಪ್ಪ ನೋಡಿಕೊಂಡು ಒಂದು ವಾಷರ್ ತೆಗೆಯಿರಿ. ಕನಿಷ್ಠ ನಾಲ್ಕೈದು ಸುತ್ತು ಥ್ರೆಡ್ ಕಚ್ಚಿಕೊಂಡಿರಬೇಕು.